ಮಾಗಡಿ ಕೆರೆಯಲ್ಲಿ ತಲೆ ಮೇಲೆ ಪಟ್ಟಿ ಇಲ್ಲದ ಹೆಬ್ಬಾತು, ಯಾವುದಿದು?

ಹುಬ್ಬಳ್ಳಿ ಸೈಕಲ್ | ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು. ನಿನ್ನೆ ಭಾನುವಾರ ನಸುಕಿನಲ್ಲಿ ಎದ್ದು ಮಾಗಡಿ ಕೆರೆಗೆ ಹೋಗಿದ್ದೆ. ಕೆಂಪೇಗೌಡರ ಮಾಗಡಿ ಅಲ್ಲ. ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನ ಮಾಗಡಿ, ಲಕ್ಷ್ಮೇಶ್ವರದ ಹತ್ತಿರ.

ಪಟ್ಟೆತಲೆ ಹೆಬ್ಬಾತುಗಳು ಬಂದಿವೆ. ಎಷ್ಟು ಅಂತ ಎಣಿಸುವ ಧೈರ್ಯ ನನಗಿಲ್ಲ. ನೀರಿನ ಮೇಲೆ ಬೂದು ಕಂಬಳಿ ಹಾಸಿದ ಹಾಗಿತ್ತು. ಹೊತ್ತು ಮೂಡುವಾಗ ಹೊಲಗಳ ಕಡೆಯಿಂದ ಸಾಲುಸಾಲಾಗಿ ಬಂದು ಇಳಿದವು. ಆ ಸದ್ದು ಕೇಳಿದರೆ ಸಾಕು, ಪೆಟ್ರೋಲ್ ಖರ್ಚು ಮರೆತುಹೋಗುತ್ತದೆ.

ವಿಷಯ ಅದಲ್ಲ. ಗುಂಪಿನ ಅಂಚಿನಲ್ಲಿ ಒಂದು ಹೆಬ್ಬಾತು ಬೇರೆ ಥರ ಇತ್ತು. ಗಾತ್ರ ಅಷ್ಟೇ, ಮೈಬಣ್ಣವೂ ಹೆಚ್ಚುಕಮ್ಮಿ ಅಷ್ಟೇ, ಆದರೆ ತಲೆಯ ಹಿಂದೆ ಆ ಎರಡು ಕಪ್ಪು ಪಟ್ಟಿ ಇಲ್ಲವೇ ಇಲ್ಲ. ಕೊಕ್ಕು ನನಗೆ ಗುಲಾಬಿ ಬಣ್ಣ ಅನ್ನಿಸಿತು. ಮನೆಗೆ ಬಂದು ಪುಸ್ತಕ ತಿರುವಿದೆ. ಗ್ರೇಲ್ಯಾಗ್ ಅಂತಾರಲ್ಲ, ಆ ಬೂದು ಹೆಬ್ಬಾತು ಇರಬಹುದಾ? ಅದು ನಮ್ಮ ರಾಜ್ಯಕ್ಕೆ ಬರುವುದೇ ಅಪರೂಪ ಅಲ್ವಾ? ಮೂರು ಫೋಟೋ ಹಾಕಿದ್ದೇನೆ. ಲೆನ್ಸ್ ಗೆಳೆಯನದು, ಕೈ ನನ್ನದು, ನಡುಕ ಚಳಿಯದು. ಬೈಯಬೇಡಿ.

ಎಂಟುನೂರು ಎಂಎಂ | ಸೋಮವಾರ ರಾತ್ರಿ 9:52

ಸೂಪರ್ ಸರ್! ಲೊಕೇಶನ್ ಪಿನ್ ಕಳಿಸಿ. ಕೆರೆಯ ಯಾವ ಮೂಲೆ? ಎಷ್ಟು ಗಂಟೆಗೆ ಸಿಕ್ಕಿತು? ನಾವು ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಹೊರಡುತ್ತೇವೆ, ಮೂರು ಕಾರು. ಶನಿವಾರದ ತನಕ ಇರುತ್ತೆ ಅಲ್ವಾ ಅದು?

ಹೆಜ್ಜಾರ್ಲೆ ಪ್ರೇಮಿ | ಸೋಮವಾರ ರಾತ್ರಿ 10:05

ಉತ್ತರ ಗೊತ್ತಿಲ್ಲ, ಕಾಯುತ್ತಾ ಕೂತಿದ್ದೇನೆ.

ಕೆರೆದಂಡೆ ಮೈಸೂರು | ಸೋಮವಾರ ರಾತ್ರಿ 10:31

ಮೂರು ಕಾರಿಗೆ ಪೆಟ್ರೋಲ್ ಹಾಕಿಸುವ ಮೊದಲು ಸ್ವಲ್ಪ ತಡೆಯಿರಿ.

ಸೈಕಲ್ ಅವರೇ, ನಿಮ್ಮ ಎರಡನೇ ಫೋಟೋ ದೊಡ್ಡದು ಮಾಡಿ ಕೊಕ್ಕಿನ ತುದಿ ನೋಡಿ. ಕಪ್ಪು ಚುಕ್ಕಿ ಕಾಣಿಸುತ್ತಾ? ಗ್ರೇಲ್ಯಾಗ್‌ಗೆ ಆ ಕಪ್ಪು ತುದಿ ಇರುವುದಿಲ್ಲ. ಅದರ ಕೊಕ್ಕು ದಪ್ಪ, ಬುಡದಲ್ಲಿ ಇನ್ನೂ ದಪ್ಪ. ನಿಮ್ಮದರ ಕೊಕ್ಕು ಸಣ್ಣದು, ನಾಜೂಕು. ಬಣ್ಣವನ್ನು ಈ ಫೋಟೋದಲ್ಲಿ ನಂಬಬೇಡಿ. ಹೊತ್ತು ಮೂಡುವ ಬೆಳಕಿನಲ್ಲಿ ಎಮ್ಮೆಯೂ ಗುಲಾಬಿಯಾಗಿಯೇ ಕಾಣುತ್ತದೆ. ಪಕ್ಕದಲ್ಲಿರುವ ದೊಡ್ಡ ಹೆಬ್ಬಾತುಗಳ ಕೊಕ್ಕು ಸಹ ನಿಮ್ಮ ಫೋಟೋದಲ್ಲಿ ಗುಲಾಬಿಯೇ ಇದೆ ನೋಡಿ, ನಿಜವಾಗಿ ಅದು ಹಳದಿ ಅಥವಾ ಕಿತ್ತಳೆ.

ಈಗ ತಲೆ. ಪಟ್ಟಿ ಇಲ್ಲ ನಿಜ, ಆದರೆ ಮುಖ ಬಿಳಿಚಿದೆ, ನೆತ್ತಿಯಿಂದ ಕತ್ತಿನ ಹಿಂಭಾಗದ ತನಕ ಕಂದುಬೂದಿಯ ಒಂದೇ ಬಳಿತ ಇಳಿದಿದೆ. ಗ್ರೇಲ್ಯಾಗ್ ಆಗಿದ್ದರೆ ತಲೆ, ಮುಖ, ಕತ್ತು ಎಲ್ಲಾ ಒಂದೇ ಬೂದು ಇರುತ್ತಿತ್ತು, ಕತ್ತಿನ ಮೇಲೆ ಉಳುಮೆ ಸಾಲಿನ ಥರ ಗೆರೆಗಳು ಕಾಣುತ್ತಿದ್ದವು. ಮೂರನೆಯ ಗುರುತು, ಅದು ಯಾರ ಜೊತೆ ನಿಂತಿದೆ? ಆ ಕಡೆ ಒಂದು ದೊಡ್ಡದು, ಈ ಕಡೆ ಒಂದು ದೊಡ್ಡದು. ಮೂರೂ ಒಟ್ಟಿಗೆ ತಿರುಗುತ್ತಿವೆ.

ಇದು ಪಟ್ಟೆತಲೆ ಹೆಬ್ಬಾತಿನ ಮರಿ. ಈ ವರ್ಷದ್ದು. ಮರಿಗೆ ಮೊದಲ ಚಳಿಗಾಲದ ಹೊತ್ತಿಗೆ ಪಟ್ಟಿ ಸರಿಯಾಗಿ ಮೂಡಿರುವುದಿಲ್ಲ. ಬೇಜಾರಾಗಬೇಡಿ, ನಾನೇ ಒಮ್ಮೆ ಮೈಸೂರು ಹತ್ತಿರದ ಹದಿನಾರು ಅನ್ನುವ ಊರಿನ ಕೆರೆಯಲ್ಲಿ ಇದೇ ತಪ್ಪು ಮಾಡಿ ನಾಲ್ಕು ಜನರಿಗೆ ಫೋನ್ ಮಾಡಿ ಕರೆಸಿದ್ದೆ. ಅವರು ಈಗಲೂ ಮದುವೆ ಮನೆಗಳಲ್ಲಿ ಸಿಕ್ಕಾಗ ಅದನ್ನೇ ಹೇಳಿ ನಗುತ್ತಾರೆ.

ಎಂಟುನೂರು ಎಂಎಂ | ಸೋಮವಾರ ರಾತ್ರಿ 10:40

ಅಯ್ಯೋ ಮರಿನಾ. ರೂಮ್ ಬುಕ್ ಮಾಡಿ ಆಗಿತ್ತು. ಕ್ಯಾನ್ಸಲ್ ಮಾಡ್ತೇನೆ.

ಹುಬ್ಬಳ್ಳಿ ಸೈಕಲ್ | ಸೋಮವಾರ ರಾತ್ರಿ 11:02

ಕಪ್ಪು ತುದಿ ಇದೆ ಸರ್. ಈಗ ಕಂಡಿತು. ಒಪ್ಪಿಕೊಂಡೆ. ಸ್ವಲ್ಪ ಬೇಜಾರಂತೂ ಆಯಿತು, ಹೆಂಡತಿಗೆ ಬೇರೆ ಹೇಳಿಬಿಟ್ಟಿದ್ದೆ.

ಕೆರೆದಂಡೆ ಮೈಸೂರು | ಸೋಮವಾರ ರಾತ್ರಿ 11:15

ಬೇಜಾರು ಯಾಕೆ? ಆ ಮರಿ ಮೊಟ್ಟೆಯೊಡೆದು ಬಂದಿದ್ದು ಮೇ ಕೊನೆಯಲ್ಲೋ ಜೂನ್‌ನಲ್ಲೋ. ಮಂಗೋಲಿಯಾ, ಟಿಬೆಟ್, ಚೀನಾದ ಚಿಂಗ್ಹಾಯ್ ಕಡೆಯ ಯಾವುದೋ ಕೆರೆ ದಂಡೆ. ಹಾರಲು ಕಲಿಯುವುದಕ್ಕೇ ಸುಮಾರು ಎರಡು ತಿಂಗಳು ಬೇಕು. ಅಂದರೆ ಅರ್ಧ ವರ್ಷದ ಮಗು ಅಪ್ಪ ಅಮ್ಮನ ಹಿಂದೆ ಹಿಮಾಲಯ ದಾಟಿ ಗದಗ ಜಿಲ್ಲೆಗೆ ಬಂದು ಕೂತಿದೆ. ಗುಂಪಿನಲ್ಲಿ ಇಂಥ ಮರಿಗಳು ಎಷ್ಟಿವೆ ಅಂತ ಎಣಿಸಿದರೆ ಆ ವರ್ಷ ಅಲ್ಲಿ ಸಂತಾನ ಹೇಗಾಯಿತು ಅಂತ ಅಂದಾಜು ಸಿಗುತ್ತದೆ. ಮುಂದಿನ ಸಲ ನೂರು ಹಕ್ಕಿಯಲ್ಲಿ ಎಷ್ಟು ಪಟ್ಟಿ ಇಲ್ಲದವು ಅಂತ ಎಣಿಸಿಕೊಂಡು ಬನ್ನಿ. ನನಗೆ ಗ್ರೇಲ್ಯಾಗ್ ಫೋಟೋಗಿಂತ ಆ ಲೆಕ್ಕ ಜಾಸ್ತಿ ಇಷ್ಟ.

ಕಾಲೇಜ್ ಹುಡುಗ ದಾವಣಗೆರೆ | ಮಂಗಳವಾರ ಬೆಳಿಗ್ಗೆ 7:20

ಇವು ಎವರೆಸ್ಟ್ ಮೇಲೇ ಹಾರುತ್ತವೆ ಅಂತ ಓದಿದ್ದೆ, ನಿಜನಾ?

ಮಾಜಿ ಫೌಜಿ ಗೋಕಾಕ | ಮಂಗಳವಾರ ಬೆಳಿಗ್ಗೆ 8:45

ತಮ್ಮಾ, ಎಲ್ಲರೂ ಅದನ್ನೇ ಹೇಳುತ್ತಾರೆ. ಹಕ್ಕಿಗಳ ಮೇಲೆ ಯಂತ್ರ ಕಟ್ಟಿ ಅಳೆದಾಗ ಸಿಕ್ಕ ಅತಿ ಎತ್ತರ 7,290 ಮೀಟರ್. ಎವರೆಸ್ಟ್ 8,849. ಹೆಚ್ಚಿನ ಹಾರಾಟ 6,000 ಮೀಟರ್‌ಗಿಂತ ಕೆಳಗೇ ನಡೆಯುತ್ತದೆ. ಶಿಖರ ಹತ್ತಿ ಇಳಿಯುವ ಹಟ ಅವಕ್ಕೆ ಏಕೆ, ಕಣಿವೆ ಇದೆ, ಕಣಿವೆಯಲ್ಲಿ ನುಸುಳುತ್ತವೆ. ಗುಡ್ಡ ಎದ್ದಾಗ ಏಳುತ್ತವೆ, ಗುಡ್ಡ ಇಳಿದಾಗ ಇಳಿಯುತ್ತವೆ. ಮೇಲೆ ಗಾಳಿ ತೆಳುವಾದಷ್ಟೂ ರೆಕ್ಕೆ ಬಡಿಯಲು ಶ್ರಮ ಜಾಸ್ತಿ, ಅದಕ್ಕೇ ಸಿಕ್ಕ ಎತ್ತರ ಬಿಟ್ಟುಕೊಟ್ಟು ಮತ್ತೆ ಹತ್ತುವುದೇ ಅವಕ್ಕೆ ಲಾಭವಂತೆ. ರಾತ್ರಿ, ನಸುಕಿನಲ್ಲಿ ಗಾಳಿ ತಣ್ಣಗಿದ್ದು ಗಟ್ಟಿಯಾಗಿರುತ್ತದೆ, ಆಗ ಹೊರಡುತ್ತವೆ. ಬೆನ್ನಿಗೆ ಗಾಳಿ ಬೀಸಲಿ ಅಂತ ಕಾಯುವುದೂ ಇಲ್ಲ.

ಇವುಗಳ ರಕ್ತವೇ ಬೇರೆ, ಆಮ್ಲಜನಕವನ್ನು ಬೇರೆ ಬಾತುಗಳಿಗಿಂತ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ನಮಗೆ ಅದು ಇರಲಿಲ್ಲ. ನಾನು ಲಡಾಖಿನಲ್ಲಿದ್ದಾಗ ಮೊದಲ ವಾರ ಹತ್ತು ಹೆಜ್ಜೆ ನಡೆದರೆ ಕೂತುಬಿಡುತ್ತಿದ್ದೆ. ಜೂನ್ ತಿಂಗಳು. ತ್ಸೋ ಕರ್ ಕೆರೆಯ ಕಡೆ ಹೋದಾಗ ಇದೇ ಹೆಬ್ಬಾತುಗಳು ಮರಿ ಕಟ್ಟಿಕೊಂಡು ಓಡಾಡುತ್ತಿದ್ದವು. ನಮ್ಮ ದೇಶದಲ್ಲಿ ಇವು ಮೊಟ್ಟೆ ಇಡುವುದು ಲಡಾಖಿನಲ್ಲಿ ಮಾತ್ರ. ಹೆಸರು ಆಗ ಗೊತ್ತಿರಲಿಲ್ಲ. ರಿಟೈರ್ ಆಗಿ ಬಂದ ಮೇಲೆ ಒಂದು ದಿನ ಮಾಗಡಿಗೆ ಹೋಗಿ ನೋಡಿದರೆ ಇವೇ. ಪರವೂರಿನ ಬಸ್‌ಸ್ಟ್ಯಾಂಡಿನಲ್ಲಿ ನಮ್ಮೂರವರು ಸಿಕ್ಕ ಹಾಗಾಯಿತು.

ಮೂಡಬಿದ್ರೆ ಅಕ್ಕ | ಮಂಗಳವಾರ ಮಧ್ಯಾಹ್ನ 1:10

ಎಲ್ಲರೂ ಆ ಮರಿಯನ್ನೇ ನೋಡುತ್ತಿದ್ದೀರಿ ಮಾರಾಯ್ರೆ. ಮೂರನೇ ಫೋಟೋದ ಎಡಗಡೆ ಅಂಚು ನೋಡಿ. ಅರ್ಧ ಕತ್ತರಿಸಿ ಹೋದ ಒಂದು ಹಕ್ಕಿ ಇದೆ. ಅದರ ಕುತ್ತಿಗೆಗೆ ಹಸಿರು ಏನೋ ಸುತ್ತಿಕೊಂಡಿದೆ. ಪ್ಲಾಸ್ಟಿಕ್ ಬಾಟಲಿಯ ತುಂಡಾ? ನಮ್ಮ ಕಡೆ ಬೆಳ್ಳಕ್ಕಿಯ ಕಾಲಿಗೆ ಬಲೆ ನೂಲು ಸಿಕ್ಕಿಕೊಂಡು ಸಾಯುವುದನ್ನು ನೋಡಿದ್ದೇನೆ, ಅದಕ್ಕೆ ಹೆದರಿಕೆ ಆಯಿತು. ಅರಣ್ಯ ಇಲಾಖೆಗೆ ಹೇಳಬೇಕಾ?

ಕೆರೆದಂಡೆ ಮೈಸೂರು | ಮಂಗಳವಾರ ಮಧ್ಯಾಹ್ನ 1:22

ಅಕ್ಕಾ!! ಅದು ಪ್ಲಾಸ್ಟಿಕ್ಕೇ, ಆದರೆ ಬೇಕಂತಲೇ ಹಾಕಿದ್ದು. ಕಾಲರ್! ನಾನು ಆ ಫೋಟೋ ನಾಲ್ಕು ಸಲ ನೋಡಿದ್ದೆ, ನನ್ನ ಕಣ್ಣಿಗೆ ಬೀಳಲಿಲ್ಲ. ಮರಿಯ ಕೊಕ್ಕಿಗೇ ಅಂಟಿಕೊಂಡಿದ್ದೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಜುಲೈ ಹೊತ್ತಿಗೆ ಹೆಬ್ಬಾತುಗಳು ರೆಕ್ಕೆಯ ದೊಡ್ಡ ಗರಿಗಳನ್ನೆಲ್ಲಾ ಒಟ್ಟಿಗೇ ಉದುರಿಸುತ್ತವೆ. ಹೊಸ ಗರಿ ಬರುವ ತನಕ ಹಾರಲು ಬರುವುದಿಲ್ಲ. ಆ ಸಮಯ ನೋಡಿಕೊಂಡು ಮಂಗೋಲಿಯಾದ ಸಂಶೋಧಕರು ಅವನ್ನು ಮೆಲ್ಲಗೆ ಬಲೆಯೊಳಕ್ಕೆ ಅಟ್ಟಿ, ಕಾಲಿಗೆ ಉಂಗುರ, ಕುತ್ತಿಗೆಗೆ ಹಗುರವಾದ ಕಾಲರ್ ಹಾಕಿ ಬಿಡುತ್ತಾರೆ. ತೆರ್ಖಿನ್ ತ್ಸಗಾನ್ ಅಂತ ಒಂದು ಕೆರೆ ಇದೆ, ಅಲ್ಲಿ ಈ ಕೆಲಸ ಜಾಸ್ತಿ ನಡೆದಿದೆ. ಹಸಿರು ಕಾಲರ್ ಮೇಲೆ ಬಿಳಿ ಅಕ್ಷರ, ಅಂಕಿ ಇದ್ದರೆ ಮಂಗೋಲಿಯಾದ್ದು ಅಂತ ಮೊದಲ ಅಂದಾಜು. ನಮ್ಮ ಹದಿನಾರು ಕೆರೆಗೂ ಇಂಥವು ಬಂದಿವೆ. ಅಲ್ಲಿಂದ ಇಲ್ಲಿಗೆ ನೆಟ್ಟಗೆ ಅಳೆದರೂ ನಾಲ್ಕು ಸಾವಿರ ಕಿಲೋಮೀಟರ್‌ಗೆ ಜಾಸ್ತಿ.

ಸೈಕಲ್ ಅವರೇ, ಆ ಹಕ್ಕಿಯ ಬೇರೆ ಫೋಟೋ ಇದೆಯಾ? ವಾಟ್ಸಾಪಿನಲ್ಲಿ ಕಳಿಸಿದ್ದು ಬೇಡ, ಕ್ಯಾಮೆರಾದ ಮೂಲ ಫೈಲ್ ಬೇಕು. ಎಷ್ಟು ಮಸುಕಾಗಿದ್ದರೂ ಪರವಾಗಿಲ್ಲ.

ಹುಬ್ಬಳ್ಳಿ ಸೈಕಲ್ | ಮಂಗಳವಾರ ಸಂಜೆ 6:30

ಆಫೀಸಿನಲ್ಲಿ ಇದನ್ನು ಓದಿ ಕೈಕಾಲು ತಣ್ಣಗಾಯಿತು. ಭಾನುವಾರ ರಾತ್ರಿಯೇ ಶಾರ್ಪ್ ಇಲ್ಲ ಅಂತ 140 ಫೋಟೋ ಡಿಲೀಟ್ ಮಾಡಿದ್ದೇನೆ. ಚೆಂದ ಇರುವುದನ್ನು ಮಾತ್ರ ಇಟ್ಟುಕೊಂಡೆ. ಈ ಮೂರನೆಯದನ್ನು ಮರಿಗಾಗಿ ಕ್ರಾಪ್ ಮಾಡಿ ಅದರ ಮೇಲೇ ಸೇವ್ ಮಾಡಿದ್ದೇನೆ. ಅರ್ಧ ಕಾಲರ್ ಅಷ್ಟೇ ಉಳಿದಿದೆ.

ಎಂಟುನೂರು ಎಂಎಂ | ಮಂಗಳವಾರ ಸಂಜೆ 6:41

ಕಾರ್ಡನ್ನು ಈಗಲೇ ಕ್ಯಾಮೆರಾದಿಂದ ತೆಗೆದು ಪಕ್ಕಕ್ಕಿಡಿ. ಅದಕ್ಕೆ ಹೊಸ ಫೋಟೋ ಏನೂ ತೆಗೆಯಬೇಡಿ. ಡಿಲೀಟ್ ಅಂದರೆ ಅಳಿಸಿ ಹೋಗುವುದಲ್ಲ, ಜಾಗ ಖಾಲಿ ಅಂತ ಗುರುತು ಹಾಕುವುದು ಅಷ್ಟೇ. ಮೇಲೆ ಬೇರೆ ಫೋಟೋ ಬಿದ್ದಿಲ್ಲದಿದ್ದರೆ ರಿಕವರಿ ಸಾಫ್ಟ್‌ವೇರ್ ಹಾಕಿದರೆ ಬರುತ್ತವೆ. ಲಿಂಕ್ ಬೇರೆ ಮೆಸೇಜಿನಲ್ಲಿ ಕಳಿಸಿದ್ದೇನೆ. ಅಂದಹಾಗೆ ರೂಮ್ ಕ್ಯಾನ್ಸಲ್ ಮಾಡಿರಲಿಲ್ಲ. ಬರ್ತಿದ್ದೇನೆ.

ಶೇಂಗಾ ಹೊಲ | ಮಂಗಳವಾರ ರಾತ್ರಿ 8:55

ನಾನು ಮಾಗಡಿ ಹತ್ತಿರದವನು. ಹಕ್ಕಿ ಫೋಟೋ ತೆಗೆಯುವವನಲ್ಲ, ನನ್ನ ಮಗಳು ಈ ಚರ್ಚೆ ತೋರಿಸಿದಳು. ಅದಕ್ಕೆ ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹಸಿರು ಪಟ್ಟಿ ಕಟ್ಟಿಕೊಂಡ ಹಕ್ಕಿಯನ್ನು ನಾವು ಎಂಟು ದಿನದಿಂದ ನೋಡುತ್ತಿದ್ದೇವೆ. ಮಗಳು ಅದಕ್ಕೆ "ಟೈ ಕಟ್ಟಿದ ಸಾಹೇಬ" ಅಂತ ಹೆಸರಿಟ್ಟಿದ್ದಾಳೆ. ಮೊಬೈಲಿನಲ್ಲಿ ತೆಗೆದರೆ ಸಾಸಿವೆ ಕಾಳಿನ ಹಾಗೆ ಬರುತ್ತದೆ.

ಈ ಹಕ್ಕಿ ಹಗಲೆಲ್ಲಾ ಕೆರೆಯಲ್ಲಿ ನಿದ್ದೆ ಹೊಡೆದು ಹೊತ್ತು ಮುಳುಗಿದ ಮೇಲೆ ನಮ್ಮ ಹೊಲಗಳಿಗೆ ಬರುತ್ತವೆ. ಕಡಲೆ, ಗೋದಿ, ಶೇಂಗಾ, ಏನು ಸಿಕ್ಕರೆ ಅದು. ನಷ್ಟ ಆಗುತ್ತದೆ, ಇಲ್ಲ ಅಂತ ನಾನು ಹೇಳುವುದಿಲ್ಲ. ಅಪ್ಪ ಹೇಳುತ್ತಿದ್ದರು, ಅವು ಮೇಯ್ದಷ್ಟು ಗೊಬ್ಬರವನ್ನೂ ಬಿಟ್ಟು ಹೋಗುತ್ತವೆ, ಓಡಿಸಬೇಡ ಅಂತ. ಲೆಕ್ಕ ಸರಿಹೋಗುತ್ತದೋ ಇಲ್ಲವೋ, ನಾವು ಓಡಿಸುವುದಿಲ್ಲ. ಹಕ್ಕಿ ಬರದ ವರ್ಷ ಕೆರೆಯಲ್ಲಿ ನೀರಿಲ್ಲ ಅಂತ ಅರ್ಥ. ಆ ವರ್ಷ ನಮಗೂ ಚಲೋ ಇರುವುದಿಲ್ಲ.

ನಮಗೆ ಹಕ್ಕಿಯಿಂದ ತೊಂದರೆ ಕಡಿಮೆ, ನೋಡಲು ಬರುವವರಿಂದ ಜಾಸ್ತಿ. ಹೋದ ವರ್ಷ ಒಬ್ಬರು ಕಾರನ್ನು ನನ್ನ ಹೊಲದೊಳಗೇ ತಂದು ನಿಲ್ಲಿಸಿದ್ದರು, ಕಡಲೆ ಗಿಡದ ಮೇಲೆ. ಇನ್ನೊಬ್ಬರ ಜೊತೆ ಬಂದ ಹುಡುಗ ಹಕ್ಕಿ ಎದ್ದು ಹಾರಲಿ ಅಂತ ಕಲ್ಲು ಬೀಸಿದ. ಇಡೀ ಕೆರೆ ಎದ್ದಿತು. ಅವರು ಟಕಟಕ ಅಂತ ಫೋಟೋ ಹೊಡೆದುಕೊಂಡು ಚಹಾ ಕುಡಿಯಲು ಹೋದರು. ಹಕ್ಕಿ ಅರ್ಧ ತಾಸು ತಿರುಗಿ ತಿರುಗಿ ಇಳಿದವು. ರಾತ್ರಿಯೆಲ್ಲಾ ಮೇಯ್ದು ಬಂದು ಮಲಗುವ ಹೊತ್ತಿಗೆ ನಿಮ್ಮ ಮನೆ ಬಾಗಿಲು ಬಡಿದರೆ ಹೇಗಿರುತ್ತದೆ ಹೇಳಿ.

ಬರುವವರು ಬರಲಿ. ಮೊದಲು ಇಲ್ಲಿ ಒಂದು ಮಾತು ಹಾಕಿ, ಎಲ್ಲಿ ನಿಲ್ಲಿಸಬೇಕು ಅಂತ ನಾನೇ ತೋರಿಸುತ್ತೇನೆ.

ಮೂಡಬಿದ್ರೆ ಅಕ್ಕ | ಮಂಗಳವಾರ ರಾತ್ರಿ 9:30

ಶೇಂಗಾ ಹೊಲ ಅಣ್ಣ, ನೀವು ಬರೆದದ್ದು ಒಳ್ಳೆಯದಾಯಿತು. ನನ್ನದೂ ಒಂದು ಕಥೆ ಇದೆ. ನಮ್ಮ ತೋಟಕ್ಕೆ ಅಕ್ಟೋಬರ್ ತಿಂಗಳು ಬಂತೆಂದರೆ ನವರಂಗ ಹಕ್ಕಿ ಬರುತ್ತದೆ. ರಾತ್ರಿಯೆಲ್ಲಾ ಹಾರಿ ಬಂದು ಸುಸ್ತಾಗಿ ಬಿದ್ದಿರುತ್ತದೆ, ಕೆಲವೊಮ್ಮೆ ಕಾಫಿ ಕಪ್ಪಿನಷ್ಟು ಹತ್ತಿರ ಕೂತರೂ ಏಳುವುದಿಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಸರಿಯಾಗಿ ಕೂಗುತ್ತದೆ. ತಮಿಳಿನಲ್ಲಿ ಅದಕ್ಕೆ ಆರು ಗಂಟೆ ಹಕ್ಕಿ ಅಂತಲೇ ಹೆಸರು. ನಾನು ಖುಷಿಯಲ್ಲಿ ಫೋಟೋ ಹಾಕಿ ಊರ ಹೆಸರೂ ಬರೆದೆ. ಆ ವಾರ ಹನ್ನೊಂದು ಜನ ಬಂದರು. ನಾನೂ ಚಹಾ ಕೊಟ್ಟೆ, ಬಿಡಿ. ಅದರಲ್ಲಿ ಒಬ್ಬರು ಮೊಬೈಲಿನಲ್ಲಿ ನವರಂಗದ ಕೂಗು ಹಾಕಿ ಸ್ಪೀಕರ್ ಅನ್ನು ಅಡಿಕೆ ಮರದ ಬುಡಕ್ಕೆ ಇಟ್ಟರು. ಹಕ್ಕಿ ಬಂತು. ತನ್ನ ಜಾಗಕ್ಕೆ ಇನ್ನೊಬ್ಬ ಬಂದಿದ್ದಾನೆ ಅಂತ ಹುಡುಕುತ್ತಾ ಅತ್ತಿಂದಿತ್ತ ಓಡಿತು. ಮುಕ್ಕಾಲು ಗಂಟೆ. ಅದು ಹುಳ ಹುಡುಕಿ ತಿನ್ನಬೇಕಾದ ಹೊತ್ತು. ನಾಲ್ಕನೇ ದಿನ ತೋಟದಲ್ಲಿ ಕೂಗು ಇರಲಿಲ್ಲ. ಮುಂದಕ್ಕೆ ಹಾರಿ ಹೋಗಿರಬಹುದು ಅಂತ ನನಗೆ ನಾನೇ ಹೇಳಿಕೊಂಡೆ.

ಈಗ ನವರಂಗ ಬಂದರೆ ಹೋದ ಮೇಲೆ ಹಾಕುತ್ತೇನೆ ಫೋಟೋ.

ಎಂಟುನೂರು ಎಂಎಂ | ಮಂಗಳವಾರ ರಾತ್ರಿ 10:20

ಎಲ್ಲರೂ ನನ್ನನ್ನೇ ನೋಡಿ ಹೇಳುತ್ತಿರುವ ಹಾಗಿದೆ, ಹಾಗಾಗಿ ನಾನೂ ಸ್ವಲ್ಪ ಹೇಳಿಬಿಡುತ್ತೇನೆ. ದೊಡ್ಡ ಲೆನ್ಸ್ ಇದ್ದವರೆಲ್ಲಾ ಕಲ್ಲು ಹೊಡೆಯುವವರಲ್ಲ. ಲೆನ್ಸ್ ಉದ್ದ ಇರುವುದೇ ದೂರ ನಿಲ್ಲುವುದಕ್ಕೆ. ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಚಳಿಗಾಲಕ್ಕೆ ಬರುವ ಹ್ಯಾರಿಯರ್ ಗಿಡುಗಗಳನ್ನು ನಮ್ಮಂಥವರು ವರ್ಷಗಟ್ಟಲೆ ಫೋಟೋ ತೆಗೆದು ಹಾಕಿದ್ದರಿಂದಲೇ ಅದು ಬರೀ ಖಾಲಿ ಜಾಗ ಅಲ್ಲ ಅಂತ ಜನಕ್ಕೆ ಗೊತ್ತಾಯಿತು. 2024ರಲ್ಲಿ ಅದನ್ನು ಸಂರಕ್ಷಿಸಲು ಒಪ್ಪಿಗೆ ಸಿಕ್ಕಿತು. ಫೋಟೋ ಇಲ್ಲದಿದ್ದರೆ ಯಾರ ಬಾಯಿ ಮಾತು ಯಾರು ಕೇಳುತ್ತಿದ್ದರು?

ಆದರೆ ಕೂಗು ಹಾಕುವುದು... ಮೊದಲ ವರ್ಷ ನಾನೂ ಮಾಡಿದ್ದೇನೆ. ಕರೆದುಕೊಂಡು ಹೋದವರು ಮಾಡುತ್ತಿದ್ದರು, ಅದೇ ಪದ್ಧತಿ ಅಂದುಕೊಂಡಿದ್ದೆ. ಈಗ ಇಲ್ಲ.

ಶೇಂಗಾ ಹೊಲ ಅವರೇ, ಮೂರು ಕಾರು ಬೇಡ, ಒಂದರಲ್ಲಿ ಬರುತ್ತೇವೆ. ಎಲ್ಲಿ ನಿಲ್ಲಿಸಲಿ ಹೇಳಿ.

ಕೆರೆದಂಡೆ ಮೈಸೂರು | ಬುಧವಾರ ಬೆಳಿಗ್ಗೆ 6:50

ಜಾಗ ಹೇಳಬೇಕಾ ಬಾರದಾ ಅಂತ ಪ್ರತಿ ವರ್ಷ ಇಲ್ಲಿ ಜಗಳ ಆಗುತ್ತದೆ. ನನ್ನ ಲೆಕ್ಕ ಇಷ್ಟೇ. ಮಾಗಡಿ ಕೆರೆ ಗುಟ್ಟಿನ ಜಾಗ ಅಲ್ಲ. ಸುಮಾರು 50 ಹೆಕ್ಟೇರ್ ನೀರು, 2024ರಲ್ಲಿ ರಾಮ್ಸರ್ ಪಟ್ಟಿಗೂ, ಅಂದರೆ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಗೂ, ಸೇರಿತು, ಅಘನಾಶಿನಿ ಮತ್ತು ಅಂಕಸಮುದ್ರದ ಜೊತೆಗೆ. ಸುಮಾರು ಎಂಟು ಸಾವಿರ ಹೆಬ್ಬಾತು ಬರುತ್ತವೆ ಅಂತ ಸರ್ಕಾರವೇ ಹೇಳಿದೆ. ಅದನ್ನು ಮುಚ್ಚಿಡಲು ಆಗುವುದೂ ಇಲ್ಲ, ಮುಚ್ಚಿಡಬೇಕಾಗಿಯೂ ಇಲ್ಲ. ಗೂಡು ಬೇರೆ ಮಾತು. ಗೂಬೆ ಹಗಲು ಕೂರುವ ಮರ ಬೇರೆ ಮಾತು. ಸಿರುಗುಪ್ಪದ ಕಡೆ ಉಳಿದಿರುವ ಬೆರಳೆಣಿಕೆಯ ಎರೆಭೂತ ಹಕ್ಕಿಗಳು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಬೇರೆ ಮಾತು. ಅಂಥದ್ದು ಕಂಡರೆ ಬಾಯಿಗೆ ಬೀಗ, ಫೋಟೋದಲ್ಲಿರುವ ಜಿಪಿಎಸ್ ಮಾಹಿತಿಯನ್ನೂ ತೆಗೆಯಬೇಕು. ಕೆಲವು ಹಕ್ಕಿಗಳ ಜಾಗವನ್ನು ಇಬರ್ಡ್ (ಕಂಡ ಹಕ್ಕಿಗಳನ್ನು ದಾಖಲಿಸುವ ಜಾಲತಾಣ) ತಾನೇ ಮರೆಮಾಡುತ್ತದೆ, ಆದರೆ ನಿಮ್ಮ ಇನ್‌ಸ್ಟಾಗ್ರಾಮ್ ಮರೆಮಾಡುವುದಿಲ್ಲ.

ಇನ್ನು ಕಾಲರ್ ಓದುವ ವಿಷಯ. ಇದು ಚೆಂದದ ಫೋಟೋದ ಕೆಲಸ ಅಲ್ಲ, ನಂಬರ್ ಪ್ಲೇಟ್ ಓದುವ ಕೆಲಸ. ಸೂರ್ಯ ನಿಮ್ಮ ಬೆನ್ನಿಗಿರಲಿ. ಬೆಳಿಗ್ಗೆ ಎಂಟೂವರೆ ಒಳಗೆ ಮುಗಿಸಿ, ಆಮೇಲೆ ನೀರಿನ ಮೇಲೆ ಬಿಸಿ ಗಾಳಿ ಕುದಿಯಲು ಶುರುವಾದರೆ ಎಷ್ಟು ದುಬಾರಿ ಲೆನ್ಸ್ ಇದ್ದರೂ ಅಕ್ಷರ ಅಲುಗಾಡುತ್ತದೆ. ಕಾರಿನೊಳಗೇ ಕೂತಿರಿ, ಹಕ್ಕಿ ಕಾರಿಗೆ ಹೆದರುವುದಿಲ್ಲ, ಕಾರಿನಿಂದ ಇಳಿಯುವ ಮನುಷ್ಯನಿಗೆ ಹೆದರುತ್ತದೆ. ಕಿಟಕಿಯ ಮೇಲೆ ಅಕ್ಕಿ ತುಂಬಿದ ಬಟ್ಟೆ ಚೀಲ ಇಟ್ಟು ಅದರ ಮೇಲೆ ಲೆನ್ಸ್ ಮಲಗಿಸಿ. ಫೋಟೋ ಜೊತೆ ವಿಡಿಯೋನೂ ತೆಗೆಯಿರಿ. ಹಕ್ಕಿ ಕತ್ತು ತಿರುಗಿಸುವಾಗ ಅಕ್ಷರ ಒಂದೊಂದಾಗಿ ಕಾಣುತ್ತದೆ, ಆಮೇಲೆ ಮನೆಯಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಬಹುದು. 3 ಮತ್ತು 8, ಇ ಮತ್ತು ಎಫ್, ಸೊನ್ನೆ ಮತ್ತು ಡಿ, ಇವು ಮೋಸ ಮಾಡುತ್ತವೆ. ಅನುಮಾನ ಇದ್ದರೆ ಅನುಮಾನ ಅಂತಲೇ ಬರೆಯಿರಿ. ತಪ್ಪು ಓದಿದರೆ ಯಾವಾಗಲೋ ಸತ್ತ ಹಕ್ಕಿಗೆ ಮರುಜನ್ಮ ಕೊಟ್ಟ ಹಾಗಾಗುತ್ತದೆ.

ತಾರೀಖು, ಸಮಯ, ಜಾಗ, ಜೊತೆಗೆ ಎಷ್ಟು ಹಕ್ಕಿ, ಕಾಲರ್ ಬಣ್ಣ, ಇಷ್ಟನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಮೇಲ್ ಮಾಡಿ. ನಮ್ಮ ದೇಶದಲ್ಲಿ ಹಕ್ಕಿ ಉಂಗುರದ ಲೆಕ್ಕ ಇಟ್ಟಿರುವವರು ಅವರೇ. ಡ್ರೋನ್ ತರುತ್ತೇನೆ ಅನ್ನುವವರು ಮನೆಯಲ್ಲೇ ಇರಿ.

ಇನ್ನೊಂದು. ಸತ್ತ ಹೆಬ್ಬಾತು ಕಂಡರೆ ಉಂಗುರ ಬಿಚ್ಚಲು ಮುಟ್ಟಬೇಡಿ, ಇಲಾಖೆಯವರಿಗೆ ತಿಳಿಸಿ. 2005ರಲ್ಲಿ ಚಿಂಗ್ಹಾಯ್ ಕೆರೆಯಲ್ಲಿ, 2021ರ ಶುರುವಿನಲ್ಲಿ ಹಿಮಾಚಲದ ಪೋಂಗ್ ಅಣೆಕಟ್ಟೆಯಲ್ಲಿ ಹಕ್ಕಿಜ್ವರಕ್ಕೆ ಸಾವಿರಾರು ಹಕ್ಕಿ ಸತ್ತವು, ಅದರಲ್ಲಿ ಇವೇ ಜಾಸ್ತಿ.

ಹುಬ್ಬಳ್ಳಿ ಸೈಕಲ್ | ಗುರುವಾರ ರಾತ್ರಿ 11:48

ರಿಕವರಿ ಆಯಿತು! 140ರಲ್ಲಿ 96 ವಾಪಸ್ ಬಂದವು. ನಾಲ್ಕರಲ್ಲಿ ಸಾಹೇಬ ಇದ್ದಾನೆ. ಮೂರರಲ್ಲಿ ತಲೆ ರೆಕ್ಕೆಯೊಳಗೆ. ಒಂದರಲ್ಲಿ ಮೊದಲ ಅಕ್ಷರ ಕಾಣುತ್ತದೆ, ಉಳಿದದ್ದು ಮುಂದೆ ನಿಂತ ಹಕ್ಕಿಯ ಬೆನ್ನು. ಆ ಫೋಟೋ ಎಷ್ಟು ಕೆಟ್ಟದಾಗಿದೆ ಅಂದರೆ ಭಾನುವಾರ ಅದನ್ನೇ ಮೊದಲು ಡಿಲೀಟ್ ಮಾಡಿದ್ದು ಅಂತ ನೆನಪಿದೆ. ಶನಿವಾರ ನಾನೂ ಬರುತ್ತೇನೆ.

ಹೆಜ್ಜಾರ್ಲೆ ಪ್ರೇಮಿ | ಶುಕ್ರವಾರ ಬೆಳಿಗ್ಗೆ 9:15

ಸೀರಿಯಲ್ ನೋಡುವುದು ಬಿಟ್ಟು ಇದನ್ನೇ ನೋಡುತ್ತಿದ್ದೇನೆ.

ಎಂಟುನೂರು ಎಂಎಂ | ಶನಿವಾರ ಮಧ್ಯಾಹ್ನ 2:05

ವರದಿ. ಆರು ಗಂಟೆಗೆ ಶೇಂಗಾ ಹೊಲ ಅವರು ಟಾರ್ಚ್ ಹಿಡಿದು ನಮಗಾಗಿ ನಿಂತಿದ್ದರು, ಜೊತೆಗೆ ಅವರ ಮಗಳು, ಏಳನೇ ಕ್ಲಾಸ್. ಕಾರನ್ನು ದಾರಿ ಬದಿಯಲ್ಲಿ ಜಾಲಿ ಮರದ ಮರೆಗೆ ನಿಲ್ಲಿಸಿದೆವು. ನಾನು ಹಿಂದಿನ ಸೀಟು, ಸೈಕಲ್ ಅವರು ಮುಂದೆ, ಅಕ್ಕಿ ಚೀಲ ಕಿಟಕಿಯಲ್ಲಿ. ಆರೂವರೆಗೆ ಹೆಬ್ಬಾತುಗಳು ಬರಲು ಶುರುವಾದವು. ಮೊದಲು ಸದ್ದು, ಆಮೇಲೆ ಗೆರೆ, ಆಮೇಲೆ ತಲೆ ಮೇಲೆ ರೆಕ್ಕೆ. ಇಳಿಯುವಾಗ ಕೆಲವು ಮಗ್ಗುಲಿಗೆ ಉರುಳಿ ಗಾಳಿ ಸೋರಿದ ಬಲೂನಿನ ಹಾಗೆ ಬೀಳುತ್ತವೆ. ನಾನು ಶಟರ್ ಒತ್ತುವುದನ್ನೇ ಮರೆತೆ. ಹದಿನೈದು ವರ್ಷದಲ್ಲಿ ಹೀಗಾಗಿದ್ದು ಕಡಿಮೆ.

ಸಾಹೇಬ ಏಳೂಕಾಲಿಗೆ ಸಿಕ್ಕಿದ. ಹುಡುಗಿಯೇ ಮೊದಲು ಕಂಡಿದ್ದು, ಬೈನಾಕ್ಯುಲರ್ ಇಲ್ಲದೆ. ದೂರ ಜಾಸ್ತಿ ಇತ್ತು. ಹತ್ತಿರ ಹೋಗೋಣ ಅಂತ ನನ್ನ ಕೈ ಬಾಗಿಲಿಗೆ ಹೋಯಿತು, ಸೈಕಲ್ ಅವರು ಕೆಮ್ಮಿದರು, ಸುಮ್ಮನಾದೆ. ನಲವತ್ತು ನಿಮಿಷ ಕಾದೆವು. ಅವನು ಒಮ್ಮೆ ನೀರಿನಿಂದ ಎದ್ದು ದಂಡೆಗೆ ಬಂದು ಗರಿ ತಿದ್ದಿಕೊಂಡ. ಅಕ್ಷರ ಸ್ಪಷ್ಟ, ಮೊದಲ ಅಂಕಿ ಸ್ಪಷ್ಟ. ಕೊನೆಯದು 3 ಇರಬೇಕು, 8 ಇರಬಹುದು. ಅಷ್ಟೊತ್ತಿಗೆ ಬಿಸಿ ಗಾಳಿ ಶುರುವಾಯಿತು.

ಇಡೀ ದಿನಕ್ಕೆ ನನಗೆ ಗೋಡೆಗೆ ಹಾಕುವಂಥ ಫೋಟೋ ಒಂದೂ ಸಿಗಲಿಲ್ಲ. ಶೇಂಗಾ ಹೊಲ ಅವರ ಮನೆಯ ರೊಟ್ಟಿ, ಶೇಂಗಾ ಹಿಂಡಿ ಸಿಕ್ಕಿತು.

ಹುಬ್ಬಳ್ಳಿ ಸೈಕಲ್ | ಶನಿವಾರ ರಾತ್ರಿ 10:10

ವಿಡಿಯೋ ಒಂದೊಂದೇ ಫ್ರೇಮ್ ನೋಡಿದೆ. ನನಗೆ 3. ಹೆಂಡತಿಗೆ 8. ಎರಡನ್ನೂ ಬರೆದು ಮೇಲ್ ಕಳಿಸಿದ್ದೇನೆ, ವಿಡಿಯೋ ಸಹಿತ. ಮರಿಗಳ ಲೆಕ್ಕವನ್ನೂ ಮಾಡಿದೆ, ನೂರು ನೂರರಂತೆ ಐದು ಸಲ. ಹನ್ನೊಂದು, ಒಂಬತ್ತು, ಹದಿನಾಲ್ಕು, ಒಂಬತ್ತು, ಹನ್ನೆರಡು. ಕೆರೆದಂಡೆ ಸರ್, ಇದು ಒಳ್ಳೆಯದಾ ಕೆಟ್ಟದ್ದಾ?

ಕೆರೆದಂಡೆ ಮೈಸೂರು | ಭಾನುವಾರ ಬೆಳಿಗ್ಗೆ 7:05

ಒಂದು ವರ್ಷದ ಲೆಕ್ಕದಿಂದ ಏನೂ ಹೇಳಲು ಬರುವುದಿಲ್ಲ. ಮುಂದಿನ ವರ್ಷವೂ ಎಣಿಸಿ. ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ಇದೆ, 1987ರಿಂದ ನಡೆಯುತ್ತಿದೆ, ಅದಕ್ಕೂ ಬನ್ನಿ. ಹಕ್ಕಿ ಎಣಿಸಲು ಕಣ್ಣು ಚುರುಕಿರುವವರು ಬೇಕು. ಶೇಂಗಾ ಹೊಲ ಅವರೇ, ನಿಮ್ಮ ಮಗಳನ್ನು ಕಳಿಸುತ್ತೀರಾ? ನನ್ನ ಹಳೇ ಬೈನಾಕ್ಯುಲರ್ ಒಂದಿದೆ, ಒಂದು ಕಣ್ಣಿನ ಕಡೆ ಸ್ವಲ್ಪ ಫಂಗಸ್ ಹಿಡಿದಿದೆ, ನಡೆಯುತ್ತದೆ. ಬಸ್ಸಿನಲ್ಲಿ ಕಳಿಸುತ್ತೇನೆ.

ಶೇಂಗಾ ಹೊಲ | ಭಾನುವಾರ ರಾತ್ರಿ 8:40

ಕಳಿಸುತ್ತೇನೆ ಸರ್. ಬೈನಾಕ್ಯುಲರ್ ವಿಷಯ ಹೇಳಿದ್ದಕ್ಕೆ ಅವಳು ಇನ್ನೂ ಮಲಗಿಲ್ಲ.

ನಿನ್ನೆ ರಾತ್ರಿ ನಮ್ಮ ಹೊಲಕ್ಕೇ ಬಂದಿದ್ದವು. ಬದುವಿನ ಮೇಲೆ ಕೂತು ಕೇಳಿದೆವು, ಕತ್ತಲಲ್ಲಿ ಬರೀ ಕಚಕಚ ಮೇಯುವ ಸದ್ದು. ಸಾಹೇಬ ಇದ್ದನೋ ಇಲ್ಲವೋ ನೋಡೋಣ ಅಂತ ಮಗಳು ಟಾರ್ಚ್ ಕೇಳಿದಳು. ಹಚ್ಚಲಿಲ್ಲ. ಬೆಳಿಗ್ಗೆ ನೋಡಿದರೆ ಎರಡು ಸಾಲು ಕಡಲೆ ಹೋಗಿದೆ.